ಅರವತ್ತರ ವೇಗಕ್ಕೆ ಹೊಂದಿಸಿದ ಬುಲೆಟ್

ಎರಕದ ಕಬ್ಬಿಣದ ಸಿಲಿಂಡರಿನ ಹಳೆಯ ರಾಯಲ್ ಎನ್‌ಫೀಲ್ಡ್ ಬುಲೆಟ್ 350 ಬೈಕು ಇಟ್ಟುಕೊಂಡು ದೂರದ ಊರುಗಳಿಗೆ ಹೋಗಿಬರುವವರು, ಗಾಡಿಗೆ ಏನನ್ನಾದರೂ ಹಾಕಿಸುವ ಮೊದಲು, ತಾವು ಯಾವ ವೇಗದಲ್ಲಿ ಹೋಗುವವರು ಎಂಬುದನ್ನು ನಿರ್ಧರಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ನನ್ನ ಗಾಡಿ 1990ರ ದಶಕದ್ದು. ಬಲಗಾಲಿನ ಗೇರು, ಎಡಗಾಲಿನ ಬ್ರೇಕು, ತೆರೆದು ಮುಚ್ಚುತ್ತ ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟಿನ ಇಗ್ನಿಷನ್ನು, ಹೆಡ್‌ಲೈಟಿನ ಮೇಲೆ ಬ್ಯಾಟರಿಗೆ ಹೋಗಿಬರುವ ವಿದ್ಯುತ್ತನ್ನು ತೋರಿಸುವ ಆ್ಯಂಪಿಯರ್ ಮೀಟರು, ಅದರ ಅಕ್ಕಪಕ್ಕ ಎರಡು ಪುಟ್ಟ ದೀಪಗಳು. ಅದನ್ನು ನಾನು ಬಯಲಿನಲ್ಲಿ ಗಂಟೆಗೆ 60ರಿಂದ 65 ಕಿಲೋಮೀಟರಿನಲ್ಲಿ, ಘಾಟಿಯಲ್ಲಿ ರಸ್ತೆ ಒಪ್ಪಿದಷ್ಟರಲ್ಲಿ ಓಡಿಸುತ್ತೇನೆ. ಗಾಡಿಗೆ ಏನು ಹಾಕಿಸಿದೆ, ಏನನ್ನು ಬೇಡವೆಂದೆ ಎಂಬುದೆಲ್ಲ ಈ ಒಂದು ತೀರ್ಮಾನದಿಂದಲೇ ಹೊರಟದ್ದು.

ಇದಕ್ಕೆ ಕಾರಣ ಎಂಜಿನ್ನಿನೊಳಗಿದೆ. ಇಂಗ್ಲೆಂಡಿನ ರೆಡಿಚ್‌ನಲ್ಲಿ ಹುಟ್ಟಿದ ಈ ವಿನ್ಯಾಸವು 1955ರಲ್ಲಿ ಮದರಾಸಿಗೆ ಬಂದು, ತಿರುವೊತ್ತಿಯೂರಿನ ಕಾರ್ಖಾನೆಯಲ್ಲಿ ದಶಕಗಳ ಕಾಲ ಮೂಲ ಸ್ವರೂಪ ಹೆಚ್ಚು ಕೆಡದಂತೆ ತಯಾರಾಯಿತು. ಸಿಲಿಂಡರಿನ ಅಗಲ 70 ಮಿಲಿಮೀಟರಾದರೆ ಪಿಸ್ಟನ್ನು ಮೇಲೆ ಕೆಳಗೆ ಓಡಾಡುವ ದೂರ 90 ಮಿಲಿಮೀಟರು. ಒಟ್ಟು 346 ಸಿಸಿ, ಶಕ್ತಿ ಸುಮಾರು 18 ಕುದುರೆಗಳದ್ದು. ಇಷ್ಟು ಉದ್ದ ಓಡಾಡುವ ಭಾರವಾದ ಪಿಸ್ಟನ್ನು ಕಡಿಮೆ ಸುತ್ತಿನಲ್ಲಿ ಚೆನ್ನಾಗಿ ಎಳೆಯುತ್ತದೆ, ಸುತ್ತು ಹೆಚ್ಚಿದಂತೆ ನಡುಕವನ್ನೂ ಶಾಖವನ್ನೂ ಹೆಚ್ಚಿಸುತ್ತದೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ (ಅದರ ಓಡಾಟವನ್ನು ತಿರುಗುವಿಕೆಯಾಗಿಸುವ ದಂಡಕ್ಕೆ) ಜೋಡಿಸುವ ಕನೆಕ್ಟಿಂಗ್ ರಾಡಿನ ಕೆಳತುದಿಯಲ್ಲಿ ಈಗಿನ ಗಾಡಿಗಳಲ್ಲಿರುವಂತಹ ರೋಲರ್ ಬೇರಿಂಗ್ ಇರದೆ, ಎಣ್ಣೆಯ ಪದರದ ಮೇಲೆ ತೇಲುತ್ತ ತಿರುಗುವ ಬುಷ್ ಇರುವುದರಿಂದ ಎಣ್ಣೆ ಸರಿಯಾಗಿ ತಲುಪುವುದು ಇನ್ನೂ ಮುಖ್ಯ. ಕಂಪನಿ ಕೊಟ್ಟ 16 ಹಲ್ಲಿನ ಮುಂದಿನ ಸ್ಪ್ರಾಕೆಟ್ಟಿನಲ್ಲಿ, ಅಂದರೆ ಚೈನು ಕೂರುವ ಹಲ್ಲಿನ ಚಕ್ರದಲ್ಲಿ, ನಾಲ್ಕನೆಯ ಗೇರಿನಲ್ಲಿ 60ಕ್ಕೆ ಎಂಜಿನ್ನು ನಿಮಿಷಕ್ಕೆ ಸುಮಾರು 2600 ಸುತ್ತು ತಿರುಗುತ್ತದೆ, 80ಕ್ಕೆ ಹೋದರೆ 3500ರ ಹತ್ತಿರ. ಮೊದಲನೆಯದರಲ್ಲಿ ಕನ್ನಡಿಯಲ್ಲಿ ಹಿಂದಿನ ಲಾರಿ ಕಾಣಿಸುತ್ತದೆ. ಎರಡನೆಯದರಲ್ಲಿ ಕನ್ನಡಿಯಲ್ಲಿ ಏನೋ ಅದುರುತ್ತಿದೆ ಎಂಬುದಷ್ಟೇ ತಿಳಿಯುತ್ತದೆ.

ಮುಂದಿನ ಸ್ಪ್ರಾಕೆಟ್ಟನ್ನು 17 ಹಲ್ಲಿನದಕ್ಕೆ ಬದಲಿಸಿಕೊಳ್ಳಿ ಎಂಬ ಸಲಹೆಯನ್ನು ಬುಲೆಟ್ಟಿನವರೆಲ್ಲರೂ ಒಮ್ಮೆಯಾದರೂ ಕೇಳಿರುತ್ತಾರೆ. ಅದೇ ವೇಗಕ್ಕೆ ಎಂಜಿನ್ನಿನ ಸುತ್ತು ಶೇಕಡಾ 6ರಷ್ಟು ಇಳಿಯುವುದು ನಿಜ. ಹುಬ್ಬಳ್ಳಿಯಿಂದ ವಿಜಯಪುರದ ಕಡೆಗೆ ಬಯಲಿನಲ್ಲೇ ಓಡಾಡುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ನಾನಿರುವುದು ಚಿಕ್ಕಮಗಳೂರಿನಲ್ಲಿ. ಕಡೂರಿನ ದಿಕ್ಕೊಂದನ್ನು ಬಿಟ್ಟರೆ ಹೆಚ್ಚಿನ ದಾರಿಗಳು ಏರು ಇಳಿತದವೇ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಎರಡು ಚೀಲ ಹೇರಿಕೊಂಡು ಉಜಿರೆಯ ಕಡೆಯಿಂದ ಚಾರ್ಮಾಡಿ ಹತ್ತುವಾಗ, 17 ಹಲ್ಲಿನ ಗಾಡಿ ಮೂರನೆಯ ಗೇರಿಗೂ ಎರಡನೆಯದಕ್ಕೂ ನಡುವೆ ತಡಕಾಡುತ್ತದೆ. ಅದಕ್ಕಾಗಿ ನಾನು 16ನ್ನೇ ಉಳಿಸಿಕೊಂಡೆ. ಅಂದಹಾಗೆ, ಈ ಗಾಡಿಯಲ್ಲಿ ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳು ಬ್ರೇಕ್ ಡ್ರಮ್ಮಿನ ಅಂಚಿನಲ್ಲೇ ಇರುವುದರಿಂದ ಅವು ಸವೆದರೆ ಡ್ರಮ್ಮನ್ನೇ ಬದಲಿಸಬೇಕಾಗುತ್ತದೆ; ಚೈನಿಗೆ ಎಣ್ಣೆ ಹಾಕದ ಸೋಮಾರಿತನಕ್ಕೆ ಬೀಳುವ ದಂಡ ಸಣ್ಣದಲ್ಲ.

ಎಣ್ಣೆಯ ವಿಷಯದಲ್ಲಿ ನಾನು ಸ್ವಲ್ಪ ಅತಿಯೇ ಎನ್ನಬಹುದು. 20ಡಬ್ಲ್ಯೂ-50 ದರ್ಜೆಯ ಖನಿಜ ಎಣ್ಣೆಯನ್ನು 3000 ಕಿಲೋಮೀಟರಿಗೊಮ್ಮೆ, ಎಂಜಿನ್ನು ಬಿಸಿಯಿರುವಾಗಲೇ ಇಳಿಸಿ ಬದಲಿಸುತ್ತೇನೆ, ಫಿಲ್ಟರನ್ನೂ ಅದರ ಜೊತೆಗೇ ಹೊಸದು ಹಾಕುತ್ತೇನೆ. ಈ ಎಂಜಿನ್ನಿನಲ್ಲಿ ಎಣ್ಣೆಯ ಕೋಣೆ ಬೇರೆ, ಕ್ರ್ಯಾಂಕು ತಿರುಗುವ ಕೋಣೆ ಬೇರೆ. ಒಂದು ಪಂಪು ಎಣ್ಣೆಯನ್ನು ಕ್ರ್ಯಾಂಕಿಗೆ ಕಳಿಸಿದರೆ ಇನ್ನೊಂದು ಅದನ್ನು ಹಿಂದಕ್ಕೆ ಎಳೆಯುತ್ತದೆ. ಗಾಡಿಯನ್ನು ಕೆಲವು ವಾರ ನಿಲ್ಲಿಸಿಟ್ಟರೆ ಎಣ್ಣೆ ತಾನಾಗಿ ಕ್ರ್ಯಾಂಕಿನ ಕೋಣೆಗೆ ಜಿನುಗಿ ಇಳಿದಿರುತ್ತದೆ. ಆಗ ಅಳತೆಕಡ್ಡಿ ತೆಗೆದು ನೋಡಿದವರು ಎಣ್ಣೆ ಕಡಿಮೆಯಾಗಿದೆ ಎಂದುಕೊಂಡು ಮತ್ತಷ್ಟು ಸುರಿಯುತ್ತಾರೆ, ಹೊರಟ ಸ್ವಲ್ಪ ಹೊತ್ತಿನಲ್ಲೇ ಹೆಚ್ಚಾದ ಎಣ್ಣೆ ಉಸಿರುಕೊಳವೆಯಿಂದ ಹೊರಬಿದ್ದು ಹಿಂದಿನ ಚಕ್ರದ ಕಡೆಗೆ ಹಾರುತ್ತದೆ. ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ, ಎಣ್ಣೆ ತನ್ನ ಜಾಗಕ್ಕೆ ಮರಳಿದ ಮೇಲೆ ಅಳತೆ ನೋಡುವುದು ಸರಿಯಾದ ಕ್ರಮ. ಬುಲೆಟ್ಟು ಎಣ್ಣೆ ಸೋರುವುದು ಸಹಜ ಎಂಬ ಮಾತು ಎಷ್ಟೋ ಕಡೆ ಕೆಲಸ ಸರಿಯಾಗಿ ಮಾಡದವರಿಗೆ ನೆಪವಾಗಿದೆ. ಮುಖಗಳನ್ನು ಗಾಜಿನ ಮೇಲೆ ತಿಕ್ಕಿ ಸಮ ಮಾಡಿ, ಹೊಸ ಗ್ಯಾಸ್ಕೆಟ್ಟು ಹಾಕಿ, ನಟ್ಟುಗಳನ್ನು ಎದುರುಬದುರಾಗಿ ಹಂತ ಹಂತವಾಗಿ ಬಿಗಿದರೆ ಈ ಎಂಜಿನ್ನೂ ಒಣಗಿಯೇ ಇರುತ್ತದೆ.

ಬಲಬದಿಯ ಟೈಮಿಂಗ್ ಕವರನ್ನು ಯಾವ ಕಾರಣಕ್ಕೆ ತೆಗೆಸಿದರೂ ಒಂದು ಚಿಕ್ಕ ವಸ್ತುವಿನ ಬಗ್ಗೆ ಕೇಳಲೇಬೇಕು. ಪಂಪಿನಿಂದ ಕ್ರ್ಯಾಂಕಿನೊಳಕ್ಕೆ ಎಣ್ಣೆ ದಾಟುವ ಜಾಗದಲ್ಲಿ ಬೆರಳ ತುದಿಯಷ್ಟು ದೊಡ್ಡದಾದ ಒಂದು ಕಾರ್ಕ್ ಸೀಲು ಇರುತ್ತದೆ. ಹಳೆಯದು ಹರಿದಿದ್ದರೆ, ಅಥವಾ ಅವಸರದಲ್ಲಿ ಅದನ್ನು ಹಾಕುವುದನ್ನೇ ಮರೆತರೆ, ಎಣ್ಣೆ ಕನೆಕ್ಟಿಂಗ್ ರಾಡಿನ ಕೆಳತುದಿಯ (ಬಿಗ್ ಎಂಡ್) ಬುಷ್‌ಗೆ ಹೋಗುವ ಬದಲು ಅಲ್ಲೇ ಹೊರಚೆಲ್ಲಿ ಬುಷ್ ಸವೆಯತೊಡಗುತ್ತದೆ. ಕೆಲವೇ ರೂಪಾಯಿಯ ಈ ಸೀಲನ್ನು ಉಳಿಸಿ ಸಾವಿರಾರು ರೂಪಾಯಿಯ ಕ್ರ್ಯಾಂಕ್ ಕೆಲಸ ಹಚ್ಚಿಕೊಂಡವರನ್ನು ಬಲ್ಲೆ. ಕವರು ಮುಚ್ಚಿದ ಮೇಲೆ ಎಂಜಿನ್ನನ್ನು ನಿಧಾನವಾಗಿ ಓಡಿಸುತ್ತ, ಮೇಲೆ ವಾಲ್ವುಗಳನ್ನು ಒತ್ತುವ ರಾಕರ್ ಪೆಟ್ಟಿಗೆಗೆ ಹೋಗುವ ಎಣ್ಣೆ ಕೊಳವೆಯ ಬೋಲ್ಟನ್ನು ಒಂದು ಸುತ್ತು ಸಡಿಲಿಸಿ ನೋಡುವುದು ಹಳೆಯ ಮೆಕ್ಯಾನಿಕ್‌ಗಳ ಪದ್ಧತಿ. ಅಲ್ಲಿ ಎಣ್ಣೆ ಜಿನುಗಿದರೆ ಪಂಪು ಎಣ್ಣೆಯನ್ನು ತಿರುಗಿಸುತ್ತಿದೆ ಎಂದು ಖಾತ್ರಿಯಾಗುತ್ತದೆ.

ಟ್ಯಾಪೆಟ್ಟು, ಅಂದರೆ ವಾಲ್ವು ತೆರೆಸುವ ಕಡ್ಡಿಗಳ ಬಿಗಿತ, ಹೊಂದಿಸುವುದನ್ನು ಯಾರು ಬೇಕಾದರೂ ಮನೆಯಲ್ಲಿ ಕಲಿಯಬಹುದು, ಕಲಿಯಬೇಕು ಕೂಡ. ಎಂಜಿನ್ನು ಪೂರ್ತಿ ತಣ್ಣಗಿರುವಾಗ, ಬೆಳಗಿನ ಹೊತ್ತಾದರೆ ಇನ್ನೂ ಒಳ್ಳೆಯದು, ಪಿಸ್ಟನ್ನು ಕಂಪ್ರೆಷನ್ನಿನ ತುದಿಗೆ ಬಂದಾಗ ಬಲಬದಿಯ ಚಿಕ್ಕ ಮುಚ್ಚಳ ತೆಗೆದರೆ ಎರಡು ಪುಷ್‌ರಾಡುಗಳು ಕಾಣುತ್ತವೆ. ಅವುಗಳನ್ನು ಬೆರಳಿನಿಂದ ತಿರುಗಿಸಿದರೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಅಲುಗಾಡಿಸಿದರೆ ಆಟ ಇರಬಾರದು. ಫೀಲರ್ ಗೇಜು ಬೇಕಿಲ್ಲ, ಬೆರಳೇ ಸಾಕು. ತೀರ ಬಿಗಿಯಾದರೆ ವಾಲ್ವು ಪೂರ್ತಿ ಮುಚ್ಚದೆ ಸುಡುತ್ತದೆ, ಸಡಿಲವಾದರೆ ಟಕಟಕ ಶಬ್ದ ಬರುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕಾದರೆ ನಾನು ಶಬ್ದವನ್ನು ಆರಿಸಿಕೊಳ್ಳುತ್ತೇನೆ.

ಇಗ್ನಿಷನ್ನಿನ ಬಗ್ಗೆ ನನ್ನ ಸ್ನೇಹಿತರೊಡನೆ ಇನ್ನೂ ಮುಗಿಯದ ವಾದವಿದೆ. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿಕೊಂಡವರು ಮತ್ತೆ ಮತ್ತೆ ಹೊಂದಿಸುವ ತಾಪತ್ರಯವಿಲ್ಲ, ಮೊದಲ ಕಿಕ್ಕಿಗೇ ಹತ್ತುತ್ತದೆ ಎನ್ನುತ್ತಾರೆ, ಅದರಲ್ಲಿ ಉತ್ಪ್ರೇಕ್ಷೆಯಿಲ್ಲ. ಆದರೂ ನಾನು ಪಾಯಿಂಟನ್ನೇ ಇಟ್ಟುಕೊಂಡಿದ್ದೇನೆ. ಪಾಯಿಂಟು ಕೆಡುವಾಗ ಸ್ಟಾರ್ಟಿಂಗು ಕಷ್ಟವಾಗುತ್ತದೆ, ಎಳೆತ ಕಡಿಮೆಯಾಗುತ್ತದೆ, ಸೈಲೆನ್ಸರಿನಲ್ಲಿ ಢಬ್ ಎನ್ನುತ್ತದೆ. ಅಂದರೆ ಮೊದಲೇ ಹೇಳಿ ಕೆಡುತ್ತದೆ. ಕೆಟ್ಟಾಗ ಒಂದು ಉಜ್ಜುಕಾಗದದ ಚೂರಿನಿಂದ ತಿಕ್ಕಿ, ಬಾಯಿಯ ಅಂತರವನ್ನು 0.35ರಿಂದ 0.40 ಮಿಲಿಮೀಟರಿನೊಳಗೆ ಹೊಂದಿಸಿದರೆ ಮೂಡಿಗೆರೆಯಲ್ಲಾಗಲಿ ಕೊಟ್ಟಿಗೆಹಾರದಲ್ಲಾಗಲಿ ಗಾಡಿ ಮತ್ತೆ ಹೊರಡುತ್ತದೆ. ಎಲೆಕ್ಟ್ರಾನಿಕ್ ಪೆಟ್ಟಿಗೆ ಕೆಟ್ಟರೆ ಅದನ್ನು ತಿಕ್ಕಿ ಸರಿಮಾಡುವ ಉಪಾಯವಿಲ್ಲ. ಪಾಯಿಂಟಿನ ಜೊತೆಗಿರುವ ಕಂಡೆನ್ಸರ್ ಮಾತ್ರ ಮುನ್ಸೂಚನೆಯಿಲ್ಲದೆ ಕೈಕೊಡುವ ವಸ್ತುವಾದ್ದರಿಂದ ಹೊಸದೊಂದು ಸದಾ ಚೀಲದಲ್ಲಿರುತ್ತದೆ. ಇನ್ನು ಸ್ಟಾರ್ಟ್ ಮಾಡುವ ಕ್ರಮದಲ್ಲಿ ಆ್ಯಂಪಿಯರ್ ಮೀಟರಿಗಿಂತ ಒಳ್ಳೆಯ ಗುರು ಇಲ್ಲ: ಕೀಲಿ ತಿರುಗಿಸಿ, ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಸರ್ ಲಿವರ್ ಹಿಡಿದು ಕಿಕ್ಕರನ್ನು ಮೆಲ್ಲಗೆ ಒತ್ತುತ್ತ ಹೋದರೆ, ಮೈನಸ್ಸಿನ ಕಡೆಗೆ ವಾಲಿದ್ದ ಮುಳ್ಳು ನಡುವಿಗೆ ಮರಳುವ ಗಳಿಗೆಯೇ ಪಾಯಿಂಟು ತೆರೆದುಕೊಂಡ ಗಳಿಗೆ. ಅಲ್ಲಿಂದ ಇನ್ನೊಂದಿಷ್ಟು ಸರಿಸಿ, ಡಿಕಂಪ್ರೆಸರ್ ಬಿಟ್ಟು, ಕಿಕ್ಕರನ್ನು ಮೇಲೆ ತಂದು ಒಮ್ಮೆ ಪೂರ್ತಿಯಾಗಿ ತುಳಿದರೆ ಸಾಕು.

ಕಳೆದ ಕೆಲವು ವರ್ಷಗಳಲ್ಲಿ ಹೊಸದಾಗಿ ಗಮನಿಸಬೇಕಾಗಿ ಬಂದದ್ದು ಪೆಟ್ರೋಲು. ಶೇಕಡಾ 20ರಷ್ಟು ಎಥನಾಲ್ ಬೆರೆತ ಇಂದಿನ ಪೆಟ್ರೋಲಿಗೆ ಈ ಗಾಡಿಯ ರಬ್ಬರು ತಯಾರಾದದ್ದಲ್ಲ. ಪೆಟ್ರೋಲ್ ಪೈಪನ್ನೂ ಕಾರ್ಬೊರೇಟರಿನ ಓರಿಂಗುಗಳನ್ನೂ ಎಥನಾಲ್ ತಾಳುವಂತಹವುಗಳಿಗೆ ಬದಲಿಸಿಕೊಂಡೆ. ಎಥನಾಲು ತನ್ನಲ್ಲೇ ಆಮ್ಲಜನಕವನ್ನು ಹೊಂದಿರುವುದರಿಂದ ಹಳೆಯ ಜೆಟ್ಟಿನಲ್ಲಿ (ಕಾರ್ಬೊರೇಟರಿನಲ್ಲಿ ಪೆಟ್ರೋಲು ಹಾಯುವ ಸಣ್ಣ ರಂಧ್ರದಲ್ಲಿ) ಮಿಶ್ರಣ ತೆಳುವಾಗುತ್ತದೆ, ಎಂಜಿನ್ನು ಹೆಚ್ಚು ಬಿಸಿಯಾಗುತ್ತದೆ. ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿದ ಮೇಲೆ ಪ್ಲಗ್ಗಿನ ತುದಿ ಬಿಳಿಚುವುದು ನಿಂತು ಹದವಾಗಿ ಹುರಿದ ಕಾಫಿಬೀಜದ ಬಣ್ಣಕ್ಕೆ ಬಂದಿದೆ. ಎಥನಾಲು ನೀರನ್ನು ಹೀರಿಕೊಳ್ಳುವುದೂ ಮಲೆನಾಡಿನ ಮಳೆಗಾಲದಲ್ಲಿ ಸಣ್ಣ ವಿಷಯವಲ್ಲ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬೊರೇಟರಿನ ಬಟ್ಟಲನ್ನು ಖಾಲಿ ಮಾಡಿ, ಒಳಗೆ ತುಕ್ಕು ಹಿಡಿಯಲು ಜಾಗವಿಲ್ಲದಂತೆ ಟ್ಯಾಂಕನ್ನು ತುಂಬಿಸಿಡುತ್ತೇನೆ.

ಬ್ರೇಕಿನ ವಿಷಯದಲ್ಲಿ ಹೊಸ ಮಾದರಿಯ ಫೋರ್ಕು ತಂದು ಮುಂದೆ ಡಿಸ್ಕ್ ಹಾಕಿಸಿ ಎಂದು ಹೇಳುವವರು ಬಹಳ. 80ರಲ್ಲಿ ಓಡಿಸುವವನಿಗೆ ಅದು ಬೇಕೇ ಬೇಕು ಎಂದು ನಾನೂ ಒಪ್ಪುತ್ತೇನೆ. ನನ್ನ ವೇಗಕ್ಕೆ ಸರಿಯಾಗಿ ಹೊಂದಿಸಿದ ಡ್ರಮ್ ಬ್ರೇಕು ಸಾಲುತ್ತದೆ. ತೊಂದರೆಯೆಂದರೆ ಅದನ್ನು ಸರಿಯಾಗಿ ಹೊಂದಿಸುವವರು ಕಡಿಮೆ. ಚಕ್ರ ಹಾಕುವಾಗ ಅಚ್ಚಿನ ನಟ್ಟನ್ನು ಕೊನೆಯವರೆಗೆ ಬಿಗಿಯದೆ, ಚಕ್ರವನ್ನು ತಿರುಗಿಸಿ, ಬ್ರೇಕನ್ನು ಬಲವಾಗಿ ಹಿಡಿದುಕೊಂಡೇ ನಟ್ಟು ಬಿಗಿದರೆ ಎರಡೂ ಶೂಗಳು ಡ್ರಮ್ಮಿನ ನಟ್ಟನಡುವೆ ಕೂರುತ್ತವೆ. ಇದಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ, ಹಿಡಿತದಲ್ಲಾಗುವ ವ್ಯತ್ಯಾಸ ಲಿವರಿನಲ್ಲೇ ತಿಳಿಯುತ್ತದೆ. ಘಾಟಿ ಇಳಿಯುವಾಗ ಎರಡನೆಯ ಗೇರಿನಲ್ಲೇ ಇಳಿಯಬೇಕೆಂಬುದನ್ನು ಮಾತ್ರ ಬ್ರೇಕನ್ನು ನಂಬಿ ಮರೆಯಬಾರದು.

ಹಾಕಿಸಿದ್ದು ಏನೂ ಇಲ್ಲವೆಂದಲ್ಲ. ಸೀಟಿನ ಕೆಲಸದವರ ಬಳಿ ಹಳೆಯ ಸ್ಪಂಜು ತೆಗೆಸಿ ಗಟ್ಟಿಯಾದ ಫೋಮ್ ಹಾಕಿಸಿ ಹಿಂಬದಿಯನ್ನು ಅಗಲ ಮಾಡಿಸಿದ್ದು ಈ ಗಾಡಿಗೆ ಮಾಡಿದ ಖರ್ಚುಗಳಲ್ಲಿ ಅತಿ ಸಾರ್ಥಕವಾದದ್ದು. ಮೆತ್ತಗಿನ ಸೀಟು ಅಂಗಡಿಯಲ್ಲಿ ಕೂತಾಗ ಹಿತವೆನಿಸಿದರೂ ಎರಡು ಗಂಟೆಯಲ್ಲಿ ಸೊಂಟ ಹಿಡಿಸುತ್ತದೆ. ಚೀಲಗಳಿಗೆಂದು ಎರಡು ಬದಿಗೂ ಕಬ್ಬಿಣದ ಸ್ಟ್ಯಾಂಡು ಮಾಡಿಸಿದ್ದೇನೆ. ಅದನ್ನು ಇರುವ ಬೋಲ್ಟುಗಳಿಗೇ ಕೂರುವಂತೆ ಮಾಡಿಸಿದ್ದರಿಂದ ಚೌಕಟ್ಟಿಗೆ ಎಲ್ಲೂ ವೆಲ್ಡಿಂಗ್ ಬಿದ್ದಿಲ್ಲ, ಬೇಡವೆಂದಾಗ ಬಿಚ್ಚಿಡಬಹುದು. ಭಾರವನ್ನು ಹಿಂದಿನ ಅಚ್ಚಿನ ಹಿಂದಕ್ಕೆ ಎತ್ತರದಲ್ಲಿ ಕಟ್ಟಿದರೆ ಮುಂದಿನ ಚಕ್ರ ಹಗುರವಾಗಿ ಹ್ಯಾಂಡಲು ತೂಗಾಡುವುದರಿಂದ, ಭಾರವಾದ ಉಪಕರಣಗಳನ್ನು ತಗ್ಗಿನಲ್ಲಿ, ಮುಂದಕ್ಕೆ ಇಡುತ್ತೇನೆ. ದೀಪಕ್ಕೆ 100 ವ್ಯಾಟಿನ ಬಲ್ಬ್ ಹಾಕಿಸುವ ಗೋಜಿಗೆ ಹೋಗಲಿಲ್ಲ. 12 ವೋಲ್ಟಿನಲ್ಲಿ ಅದು 8 ಆ್ಯಂಪಿಯರಿಗೂ ಹೆಚ್ಚು ಎಳೆಯುವುದರಿಂದ ನಿಧಾನಕ್ಕೆ ಹೋಗುವಾಗ ಮೀಟರಿನ ಮುಳ್ಳು ಮೈನಸ್ಸಿನಲ್ಲೇ ನಿಲ್ಲುತ್ತದೆ, ಬ್ಯಾಟರಿ ಬರಿದಾಗುತ್ತದೆ. ಕಡಿಮೆ ವ್ಯಾಟಿನ ಎಲ್‌ಇಡಿಗೆ ರಿಲೇ ಕೂರಿಸಿ, ಮಂಜಿಗಾಗಿ ತಗ್ಗಿನಲ್ಲಿ ಒಂದು ಹಳದಿ ದೀಪ ಸೇರಿಸಿದ್ದೇನೆ.

ಸೈಲೆನ್ಸರು ಕಂಪನಿಯದೇ. ಕಿವಿಗಡಚಿಕ್ಕುವ ಸೈಲೆನ್ಸರು ಹಾಕಿಕೊಂಡು ಇಡೀ ದಿನ ಕೂತು ಓಡಿಸುವವರ ತಾಳ್ಮೆ ನನಗಿಲ್ಲ, ದಾರಿಯ ಊರಿನವರಿಗೆ ಇರಬೇಕೆಂದು ಬಯಸುವ ಹಕ್ಕೂ ಇಲ್ಲ. ಕಾನೂನಿನ ದೃಷ್ಟಿಯೂ ಅದೇ. ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ನಿನ ಪ್ರಕಾರ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿದಿದೆ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಲು ಆರ್‌ಟಿಓ ಕಚೇರಿಗೆ ಒಯ್ಯಬೇಕಾದ್ದರಿಂದ, ಎಂಜಿನ್ನಿನ ಮತ್ತು ಚಾಸಿಸ್ಸಿನ ಸಂಖ್ಯೆಗಳು ಬಣ್ಣದ ಕೆಳಗೆ ಹೂತುಹೋಗದಂತೆ ನೋಡಿಕೊಳ್ಳಬೇಕು. ಬಣ್ಣ ಬಳಿಯುವವರಿಗೆ ಇದನ್ನು ಮೊದಲೇ ಹೇಳದಿದ್ದರೆ ಅವರು ಪುಟ್ಟಿ ತುಂಬಿ ನುಣ್ಣಗೆ ಮಾಡಿ ಕೊಟ್ಟುಬಿಡುತ್ತಾರೆ.

ದೂರ ಹೊರಡುವ ಹಿಂದಿನ ಸಂಜೆ ನಟ್ಟುಬೋಲ್ಟುಗಳಿಗೆಲ್ಲ ಒಂದು ಸುತ್ತು ಸ್ಪ್ಯಾನರ್ ಕೊಡುತ್ತೇನೆ. ಸಿಲಿಂಡರ್ ಹೆಡ್ಡನ್ನು ಚೌಕಟ್ಟಿಗೆ ಹಿಡಿದಿರುವ ಪಟ್ಟಿ, ಸೈಲೆನ್ಸರಿನ ಕ್ಲಾಂಪು, ನಂಬರ್ ಪ್ಲೇಟಿನ ತಿರುಪು ಇವು ನಡುಕಕ್ಕೆ ಮೊದಲು ಸಡಿಲವಾಗುವ ಜಾಗಗಳು. ಸಾಧ್ಯವಿರುವಲ್ಲೆಲ್ಲ ನೈಲಾನ್ ಉಂಗುರವಿರುವ ನಟ್ಟುಗಳನ್ನು ಹಾಕಿದ್ದೇನೆ. ಕ್ಲಚ್ ಕೇಬಲ್ಲಿನ ಮಟ್ಟಿಗೆ ಹಳೆಯ ಲಾರಿ ಚಾಲಕರೊಬ್ಬರು ಹೇಳಿಕೊಟ್ಟ ಉಪಾಯವನ್ನು ಅನುಸರಿಸುತ್ತೇನೆ. ಹೊಸ ಕೇಬಲ್ಲಿಗೆ ಎಣ್ಣೆ ಇಳಿಸಿ, ಅದನ್ನು ಹಳೆಯದರ ಪಕ್ಕದಲ್ಲೇ ಹ್ಯಾಂಡಲಿನಿಂದ ಗೇರ್ ಬಾಕ್ಸಿನವರೆಗೆ ಹಾಯಿಸಿ, ಎರಡೂ ತುದಿಗಳಿಗೆ ಟೇಪು ಸುತ್ತಿ ಬಿಟ್ಟಿದ್ದೇನೆ. ದಾರಿಯಲ್ಲಿ ಹಳೆಯದು ತುಂಡಾದರೆ ಟ್ಯಾಂಕು ಬಿಚ್ಚುವ ಕೆಲಸವಿಲ್ಲ, ಮಳೆಯಲ್ಲೇ ನಿಂತು ಎರಡು ತುದಿಗಳನ್ನು ಬದಲಿಸಿಕೊಂಡು ಹೊರಡಬಹುದು.