ಮಂಬಲ್ ಅಪ್‌ಡೇಟ್ ಮಾಡುವ ಮುಂಚೆ

ಹಾಸನ, ಸಕಲೇಶಪುರ ಕಡೆ ಮಂಬಲ್ (ಇಂಟರ್ನೆಟ್‌ನಲ್ಲಿ ಗುಂಪಾಗಿ ಮಾತಾಡೋ ಸಾಫ್ಟ್‌ವೇರ್) ಸರ್ವರ್ ನಡೆಸ್ತಿರೋರು ದಯವಿಟ್ಟು ಗಮನಿಸಿ. ಅಪ್‌ಡೇಟ್‌ಗೆ ಮುಂಚೆ ಸರ್ವರ್ ನಿಲ್ಲಿಸಿ, ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲನ್ನೂ ಸೆಟ್ಟಿಂಗ್‌ಗಳಿರೋ ಐಎನ್‌ಐ ಫೈಲನ್ನೂ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಚಾನೆಲ್, ನೋಂದಣಿ, ಅನುಮತಿ ಎಲ್ಲಾ ಇರೋದು ಆ ಡೇಟಾಬೇಸಲ್ಲೇ. ಹೊಸ ಆವೃತ್ತಿ ಅದರ ರಚನೆ ಬದಲಿಸಿಬಿಟ್ಟರೆ ಹಳೇದಕ್ಕೆ ಮರಳೋಕೆ ಆ ಕಾಪಿಯೇ ಗತಿ. ಸರ್ವರ್ ಓಡ್ತಿರುವಾಗಲೇ ಕಾಪಿ ಮಾಡಿದರೆ ಫೈಲು ಕೆಡಬಹುದು. ಮನೆಯಲ್ಲೇ ಸರ್ವರ್ ಇಟ್ಟಿದ್ದರೆ, ಮಳೆಗಾಲದಲ್ಲಿ ಕರೆಂಟು ಕಣ್ಣಾಮುಚ್ಚಾಲೆ ಆಡುವಾಗ ಈ ಕೆಲಸಕ್ಕೆ ಕೈಹಾಕಲೇಬೇಡಿ.

ಊರೂರಿಗೆ ಚದುರಿದ ಗೆಳೆಯರ ದನಿ ಸೇರೋ ಜಾಗ ಅದು, ಇಷ್ಟು ಜತನ ಹೆಚ್ಚೇನಲ್ಲ.

ಕ್ಲೈಂಟ್‌ನವರು, ಅಂದ್ರೆ ಸರ್ವರ್‌ಗೆ ಸೇರಿ ಮಾತಾಡೋರು, ಕಂಪ್ಯೂಟರ್ ಬದಲಿಸುವಾಗ ಸರ್ಟಿಫಿಕೇಟ್ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಸರ್ವರ್ ನಿಮ್ಮನ್ನು ಗುರುತಿಸೋದು ಅದರಿಂದ. ಅಪ್‌ಡೇಟ್ ಆದಮೇಲೆ ದನಿ ತುಂಡುತುಂಡಾಗಿ ಬಂದರೆ ಸರ್ವರ್‌ನ ಫೈರ್‌ವಾಲಲ್ಲಿ ಮಂಬಲ್‌ನ ಪೋರ್ಟ್ 64738 ಯುಡಿಪಿಗೂ (ದನಿ ಕಾಯದೆ ಬೇಗ ಸಾಗೋ ವಿಧಾನ) ತೆರೆದಿದೆಯಾ ನೋಡಿ. ಮುಚ್ಚಿದ್ದರೆ ದನಿ ಟಿಸಿಪಿ (ಎಲ್ಲವನ್ನೂ ಸಾಲಾಗಿ ತಲುಪಿಸೋ ವಿಧಾನ) ಮೂಲಕ ಬರುತ್ತೆ, ದನಿಯ ಒಂದು ತುಣುಕು (ಪ್ಯಾಕೆಟ್) ತಪ್ಪಿದರೂ ಅದರ ಹಿಂದೆ ಬರೋದೆಲ್ಲಾ ಕಾಯಬೇಕು.