ಓಡಿದ್ದು ಡಿಸ್ಕ್ ಅಲ್ಲ, ರ‍್ಯಾಮ್

ಹಾರ್ಡ್‌ಡಿಸ್ಕಿಗೆ ಎಸ್‌ಎಸ್‌ಡಿ ಜೋಡಿಸಿದರೆ ಬರೆಯುವ ವೇಗ ಎಷ್ಟು ಹೆಚ್ಚುತ್ತದೆಂದು ಅಳೆಯಲು, ಕರೆಂಟು ಹೋಗುವ ಮೊದಲೇ ಮುಗಿಸಬೇಕೆಂದು ಭಾನುವಾರ ಬೆಳಿಗ್ಗೆಯೇ ಕುಳಿತೆ. ಬಾಗಲಕೋಟೆ ನವನಗರದ ನಮ್ಮ ಮನೆಯ ಹಳೆಯ ಕಂಪ್ಯೂಟರ್, 7200 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಹಾರ್ಡ್‌ಡಿಸ್ಕ್, ಅದರ ಮುಂದೆ ಚಿಕ್ಕ ಎಸ್‌ಎಸ್‌ಡಿ, ನಡುವೆ, ಎಸ್‌ಎಸ್‌ಡಿಯನ್ನು ಡಿಸ್ಕಿನ ಕ್ಯಾಶ್ (ವೇಗದ ತಾತ್ಕಾಲಿಕ ಸಂಗ್ರಹ) ಆಗಿಸುವ ಲಿನಕ್ಸ್‌ನ ಬಿಕ್ಯಾಶ್ ಡ್ರೈವರ್.

ಮೊದಲು, ದತ್ತಾಂಶ ಬರೆದು ವೇಗ ತೋರಿಸುವ ಡಿಡಿ ಆಜ್ಞೆ ಓಡಿಸಿದೆ. ಬಂದ ವೇಗ ನೋಡಿ ಹಿಗ್ಗಿದ್ದೇ ಹಿಗ್ಗಿದ್ದು. ಆದರೆ ಡಿಸ್ಕಿನ ಕಟಕಟ ಸದ್ದೇ ಇಲ್ಲ! ಬರೆದದ್ದೆಲ್ಲ ರ‍್ಯಾಮ್‌ನಲ್ಲೇ ಕುಳಿತಿತ್ತು.

ರ‍್ಯಾಮ್ ತಪ್ಪಿಸಿ ಅಳೆದರೆ ಕ್ಯಾಶ್ ಇದ್ದರೂ ಇಲ್ಲದಿದ್ದರೂ ಒಂದೇ ವೇಗ. ಅರ್ಧ ಗಂಟೆ ಎಸ್‌ಎಸ್‌ಡಿಯನ್ನು ಬೈದೆ. ಪಾಪ, ಅದರದೇನೂ ತಪ್ಪಿರಲಿಲ್ಲ. ನಾವು ಬೇರೆ ಹೇಳದಿದ್ದರೆ ಬಿಕ್ಯಾಶ್ ರೈಟ್‌ಥ್ರೂ ಕ್ರಮದಲ್ಲಿರುತ್ತದೆ: ಹಾರ್ಡ್‌ಡಿಸ್ಕಿಗೂ ಬರೆದ ಮೇಲೆಯೇ ‘ಆಯಿತು’ ಎನ್ನುತ್ತದೆ. ಸಾಲದ್ದಕ್ಕೆ, ಒಂದೇ ಸಮನೆ ಬರುವ ಬರಹ 4 ಎಂಬಿ ದಾಟಿದರೆ ಅದನ್ನು ಕ್ಯಾಶ್‌ಗೆ ಸೇರಿಸದೆ ನೇರ ಡಿಸ್ಕಿಗೇ ಅಟ್ಟುತ್ತದೆ.

ರೈಟ್‌ಬ್ಯಾಕ್‌ಗೆ (ಎಸ್‌ಎಸ್‌ಡಿಗೆ ಬರೆದೊಡನೆ ‘ಆಯಿತು’ ಎಂದು, ಡಿಸ್ಕಿಗೆ ಆಮೇಲೆ ಬರೆಯುವ ಕ್ರಮ) ಬದಲಾಯಿಸಿ, ಡಿಸ್ಕಿನ ವೇಗ ಪರೀಕ್ಷಿಸುವ ಫಿಯೊದಿಂದ 4 ಕೆಬಿ ತುಣುಕುಗಳನ್ನು ಅಲ್ಲೊಂದು ಇಲ್ಲೊಂದು ಬರೆಸಿದೆ. ಒಂದು ಸುತ್ತಿಗೇ 8.3 ಮಿಲಿಸೆಕೆಂಡು ತೆಗೆದುಕೊಳ್ಳುವ ಡಿಸ್ಕ್ ಎಲ್ಲಿ, ಈ ಎಸ್‌ಎಸ್‌ಡಿಯ ವೇಗವೆಲ್ಲಿ! ಹಾಗೆಯೇ ಬಿಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಬಾಕಿ ಬರಹ ತುಂಬಿಕೊಂಡು ವೇಗ ನೆಲಕಚ್ಚಿತ್ತು.

ಎಸ್‌ಎಸ್‌ಡಿ ಕೆಟ್ಟರೆ ಆ ಬಾಕಿಯೂ ಹೋದಂತೆಯೇ. ಮಗಳ ಫೋಟೊಗಳಿರುವ ಡಿಸ್ಕನ್ನು ರೈಟ್‌ಥ್ರೂನಲ್ಲೇ ಬಿಟ್ಟಿದ್ದೇನೆ.