ಡಿಸ್ಚಾರ್ಜ್‌ಗೆ ಮುಂಚಿನ ರಾತ್ರಿ

ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ಕುತ್ತಿಗೆಯಲ್ಲಿ ಉಸಿರಾಟಕ್ಕೆಂದು ಹಾಕಿದ ಟ್ರಾಕಿಯಾಸ್ಟಮಿ ಟ್ಯೂಬ್, ಹೊಟ್ಟೆಯಲ್ಲಿ ಊಟದ ಟ್ಯೂಬ್ ಇರುವ ಮಗುವನ್ನು ಮನೆಗೆ ಕರೆದುಕೊಂಡು ಹೋಗಬಹುದು ಅಂದಾಗ ಹೆತ್ತವರಿಗೆ ಖುಷಿಯ ಜೊತೆ ಭಯವೂ ಆಗುತ್ತದೆ. ಆಗಲೇಬೇಕು. ಮೂರು ಪಾಳಿಯಲ್ಲಿ ನಾವಿಷ್ಟು ಜನ ಮಾಡುವ ಕೆಲಸ ಇನ್ನು ಅವರ ಪಾಲಿಗೆ, ಅಲ್ವಾ?

ಅದಕ್ಕೇ ನಾನು ಒಂದು ವಿಷಯದಲ್ಲಿ ಹಠ ಹಿಡಿಯುತ್ತೇನೆ. ಹೊರಡುವ ಮುಂಚೆ ಕನಿಷ್ಠ ಒಂದು ಹಗಲು, ಒಂದು ರಾತ್ರಿ ಮಗುವನ್ನು ಪೂರ್ತಿಯಾಗಿ ಮನೆಯವರೇ ನೋಡಿಕೊಳ್ಳಬೇಕು. ಆಸ್ಪತ್ರೆಯ ರೂಮಿನಲ್ಲೇ, ಆದರೆ ಆ ಟ್ಯೂಬಿನಿಂದ ಕಫ ಎಳೆದು ತೆಗೆಯಲು ಮನೆಗೆ ಒಯ್ಯುವ ಸಕ್ಷನ್ ಮೆಷಿನ್ ಇಟ್ಟುಕೊಂಡು. ನಾವು ಪಕ್ಕದಲ್ಲೇ ಇರುತ್ತೇವೆ, ಅಗತ್ಯ ಬಿದ್ದರೆ ಮಾತ್ರ ಕೈ ಹಾಕುತ್ತೇವೆ. ಹಗಲು ಸಲೀಸಾಗಿ ಸಕ್ಷನ್ ಮಾಡಿದವರೇ ರಾತ್ರಿ ಎರಡು ಗಂಟೆಗೆ, ಕಫ ಗೊರಗೊರ ಅನ್ನುವಾಗ, ನಿದ್ದೆಗಣ್ಣಲ್ಲಿ ಕಫ ಎಳೆಯುವ ಸಣ್ಣ ನಳಿಕೆ, ಅಂದರೆ ಕ್ಯಾತಿಟರ್ ಹುಡುಕುತ್ತಾರೆ. ಅದನ್ನು ಮೊದಲೇ ಅಳೆದ ಉದ್ದದಷ್ಟೇ ಒಳಗೆ ಬಿಡಬೇಕು, 10 ಸೆಕೆಂಡ್ ಮೀರಬಾರದು. ಈ ತಡಕಾಟ ನಮ್ಮ ಕಣ್ಣೆದುರೇ ಆಗಿಹೋದರೆ ಒಳ್ಳೆಯದು.

ಅಪ್ಪನಿಗೆ ಕೆಲಸ ಇದೆ ಅಂತ ಅಮ್ಮನಿಗೆ ಮಾತ್ರ ಕಲಿಸಿ ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ಅಮ್ಮನಿಗೇ ಜ್ವರ ಬಂದರೆ? ಇಬ್ಬರಾದರೂ ಕಲಿಯಬೇಕು. ಟ್ರಾಕಿಯಾಸ್ಟಮಿ ಟ್ಯೂಬ್ ಬದಲಿಸುವಾಗಂತೂ ಮಗುವನ್ನು ಹಿಡಿಯಲು ಇನ್ನೊಬ್ಬರು ಬೇಕೇ ಬೇಕು.

ಔಷಧಿ ವಿಷಯದಲ್ಲಿ ಬಾಯಿಮಾತು ಸಾಲದು. ಸಿರಿಂಜಿಗೆ ಎಳೆದು ತೋರಿಸಿ ಅನ್ನುತ್ತೇನೆ. ಪ್ಯಾರಾಸಿಟಮಾಲ್ ಸಿರಪ್ಪನ್ನೇ ನೋಡಿ: 5 ಎಂಎಲ್‌ನಲ್ಲಿ 120 ಮಿಲಿಗ್ರಾಂ ಇರುವ ಬಾಟಲಿಯೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಬಾಟಲಿ ಬದಲಾದರೆ ಅದೇ ಗೆರೆಯವರೆಗೆ ಎಳೆದರೂ ಡೋಸ್ ದುಪ್ಪಟ್ಟಾಗಬಹುದು. ಚೀಟಿಯಲ್ಲಿ ಮಿಲಿಗ್ರಾಂ, ಎಂಎಲ್ ಎರಡನ್ನೂ ಬರೆಸಿಕೊಳ್ಳಿ.

ಮಗುವಿನ ಜೊತೆ ಒಂದು ಬ್ಯಾಗ್ ಯಾವಾಗಲೂ ಇರಲಿ, ಪಕ್ಕದ ರೂಮಿಗೆ ಹೋದರೂ. ಅದರಲ್ಲಿ ಕುತ್ತಿಗೆಗೆ ಈಗಿರುವ ಅಳತೆಯದೇ ಟ್ಯೂಬ್ ಒಂದು, ಒಂದು ಸೈಜ್ ಚಿಕ್ಕದು ಇನ್ನೊಂದು. ಅವಸರದಲ್ಲಿ ಮೊದಲನೆಯದು ಹೋಗದಿದ್ದರೆ ಚಿಕ್ಕದು ಹೋಗಬಹುದು. ಮೆಷಿನ್ನಿನ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತಲೂ ವಾರ್ಡಿನಲ್ಲೇ ಪ್ಲಗ್ ತೆಗೆದು ನೋಡಿ.

ಹೊಟ್ಟೆಯ ಟ್ಯೂಬ್ ಕಳಚಿಬಿದ್ದರೆ ಆ ತೂತು ಕೆಲವೇ ಗಂಟೆಗಳಲ್ಲಿ ಮುಚ್ಚತೊಡಗುತ್ತದೆ, ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಹಾಗಾಗಿ ಡಿಸ್ಚಾರ್ಜ್ ಚೀಟಿಯಲ್ಲಿರುವ ನಂಬರಿಗೆ ಸುಮ್ನೆ ಒಮ್ಮೆ ರಾತ್ರಿ ಹೊತ್ತು ಫೋನ್ ಮಾಡಿ ನೋಡಿ. ಯಾರೂ ಎತ್ತದಿದ್ದರೆ, ಎತ್ತುವ ನಂಬರ್ ಕೊಡುವವರೆಗೆ ಹೊರಡಬೇಡಿ.